ಬೂದು ಸಿನಿಮಾ ಮೊದಲು ನೋಡಿ, ಆಮೇಲೆ ರೆಂಡರ್ ಒತ್ತಿ

1/6
ಮೊದಲ ಫೋಟೋ ಕಾಪು ದೀಪಸ್ತಂಭ, 1901ರದ್ದು. ಎರಡನೆಯದು ಅದೇ ದೀಪಸ್ತಂಭ, ನಾನೂ ನನ್ನ ಪ್ರಾಜೆಕ್ಟ್ ಪಾರ್ಟ್‌ನರೂ ಬ್ಲೆಂಡರ್‌ನಲ್ಲಿ ಮಾಡಿದ್ದು. ಮೂರನೆಯದು ಬರೀ ಕಪ್ಪು ಚೌಕ. ಡಿಸೈನ್ ಅಂತ ತಿಳ್ಕೊಳ್ಬೇಡಿ ಮಾರ್ರೆ. 18 ಗಂಟೆ ರೆಂಡರ್ ಆದ ಮೇಲೆ ನಮ್ಮ ಸೆಮಿಸ್ಟರ್ ಫಿಲ್ಮ್ ಪ್ಲೇಯರ್‌ನಲ್ಲಿ ಕಂಡದ್ದು ಹೀಗೆ.

ಲೆಕ್ಕ ಹೇಳ್ತೇನೆ. ಫಿಲ್ಮ್ 3 ನಿಮಿಷ. ಸೆಕೆಂಡಿಗೆ 24 ಫ್ರೇಮ್, ಅಂದ್ರೆ ಒಟ್ಟು 4,320. ಒಂದು ಫ್ರೇಮಿಗೆ 20 ಸೆಕೆಂಡ್ ಹಿಡಿದರೆ ಸರಿಯಾಗಿ 24 ಗಂಟೆ. ಶುಕ್ರವಾರ ರಾತ್ರಿ 9ಕ್ಕೆ ಕಾರ್ಕಳದಲ್ಲಿ ಪಾರ್ಟ್‌ನರ್ ಮನೆಯ ಡೆಸ್ಕ್‌ಟಾಪಿನಲ್ಲಿ ಶುರು ಮಾಡಿದೆವು. ಔಟ್‌ಪುಟ್ ನೇರ ಎಂಪಿ4. ಶನಿವಾರ ಮಧ್ಯಾಹ್ನ 3ಕ್ಕೆ ಗುಡುಗು, ಮಳೆ, ಕರೆಂಟ್ ಹೋಯ್ತು. ಯುಪಿಎಸ್ ಇರಲಿಲ್ಲ. ಸಬ್‌ಮಿಶನ್ ಸೋಮವಾರ.

2/6
ಎಂಪಿ4 ಸಾಮಾನ್ಯವಾಗಿ ತನ್ನ ಸೂಚಿಯನ್ನು ಕೊನೆಯಲ್ಲಿ ಬರೆದುಕೊಳ್ಳುತ್ತದೆ. ಯಾವ ಫ್ರೇಮ್ ಎಲ್ಲಿದೆ ಅಂತ ಪ್ಲೇಯರಿಗೆ ಗೊತ್ತಾಗುವುದೇ ಅದರಿಂದ. ಅದನ್ನು ಬರೆಯುವ ಮೊದಲೇ ಕರೆಂಟ್ ಹೋದರೆ ಒಳಗೆ 3,240 ಫ್ರೇಮ್ ಇದ್ದರೂ ಪ್ಲೇಯರಿಗೆ ಅದು ಬರೀ ಕಸ. ಅದೇ ಪಿಎನ್‌ಜಿ ಸೀಕ್ವೆನ್ಸ್ ಆಗಿದ್ದರೆ 3,240 ಚಿತ್ರಗಳೂ ಫೋಲ್ಡರಿನಲ್ಲಿ ತಣ್ಣಗೆ ಕೂತಿರುತ್ತಿದ್ದವು, 3,241ರಿಂದ ಮುಂದುವರಿಸಿದರೆ ಆಗ್ತಿತ್ತು.

ಈ ಪಾಠ ಎಲ್ಲ ಟ್ಯುಟೋರಿಯಲ್‌ನಲ್ಲೂ ಉಂಟು. ನಾವು ಕೇಳಿಯೂ ಇದ್ದೆವು. ಆದರೆ ನಾನು ಇಷ್ಟುದ್ದ ಬರೆಯಲು ಕೂತದ್ದು ಕರೆಂಟಿನ ವಿಷಯಕ್ಕಲ್ಲ.

3/6
ಸಂಜೆ 7ಕ್ಕೆ ಮತ್ತೆ ಶುರು ಮಾಡಿದೆವು, ಈ ಸಲ ಪಿಎನ್‌ಜಿ. ಭಾನುವಾರ ಸಂಜೆ 7ಕ್ಕೆ ಮುಗೀತು. ಜೋಡಿಸಿ, ಮ್ಯೂಸಿಕ್ ಹಾಕಿ, ಪಾರ್ಟ್‌ನರ್‌ನ ತಂಗಿಗೆ ತೋರಿಸಿದೆವು. ಅವಳು ಒಂಬತ್ತನೇ ಕ್ಲಾಸ್. ಮಳೆಯ ರಾತ್ರಿ, ಕಡಲು, ಸುತ್ತುವ ಬೆಳಕು, ವಾಪಸ್ ಬರುವ ದೋಣಿ. ಪೂರ್ತಿ ನೋಡಿ ಅವಳು ಕೇಳಿದ್ದು ಒಂದೇ: ‘ಅಣ್ಣ, ದೋಣಿಯಲ್ಲಿ ಯಾರಿದ್ದಾರೆ?’

ನಮಗೆ ಮಾತೇ ಬರಲಿಲ್ಲ. ದೋಣಿಯಲ್ಲಿ ಒಬ್ಬ ಅಜ್ಜ ಇದ್ದ. ಮಾಡೆಲ್ ಮಾಡಲು ಹನ್ನೊಂದು ದಿನ ಹಿಡಿದಿತ್ತು. ಕ್ಯಾಮೆರಾ ಒಮ್ಮೆಯೂ ಅವನ ಹತ್ತಿರ ಹೋಗಿರಲಿಲ್ಲ! ಎರಡು ತಿಂಗಳು ಒಂದೊಂದು ಸ್ಟಿಲ್ ರೆಂಡರ್ ಮಾಡಿ, ನೀರಿನ ಹೊಳಪು ನೋಡಿ ಖುಷಿಪಟ್ಟಿದ್ದೆವು. ಮೂರು ನಿಮಿಷವನ್ನು ಒಟ್ಟಿಗೆ ಓಡಿಸಿ ನೋಡಿದ್ದು ಅದೇ ಮೊದಲ ಸಲ.

ಪಿಎನ್‌ಜಿ ಇದ್ದುದರಿಂದ ಅರ್ಧ ಬಚಾವ್. ಅಜ್ಜನ ಮುಖದ 3 ಸೆಕೆಂಡಿನ ಶಾಟ್, 72 ಫ್ರೇಮ್, 24 ನಿಮಿಷದಲ್ಲಿ ರೆಂಡರ್ ಮಾಡಿ ಹಳೇ ಫ್ರೇಮುಗಳ ಜಾಗಕ್ಕೆ ಹಾಕಿದೆವು. ಆದರೆ ಮಧ್ಯದಲ್ಲಿ 40 ಸೆಕೆಂಡ್ ಬರೀ ನೀರು. ಅದನ್ನು 15ಕ್ಕೆ ಇಳಿಸಬೇಕಿತ್ತು. ಮ್ಯೂಸಿಕ್ ಲಾಕ್ ಆಗಿತ್ತು, ಟೈಮ್ ಇರಲಿಲ್ಲ. 600 ಫ್ರೇಮ್, 3 ಗಂಟೆ 20 ನಿಮಿಷದ ರೆಂಡರ್, ಯಾರಿಗೂ ಬೇಡವಾದದ್ದು. ‘ಮಧ್ಯದಲ್ಲಿ ಎಳೆದ ಹಾಗಿದೆ’ ಅಂತ ಮಾರ್ಕಿನ ಜೊತೆ ಬಂತು. ಸರಿಯೇ ಹೇಳಿದ್ದರು.

4/6
ನನ್ನ ಅಭಿಪ್ರಾಯ ಇಷ್ಟು: ನಾವು ಪ್ರಿವ್ಯೂ ಮಾಡದಿರುವುದು ಸಮಯ ಇಲ್ಲದೆ ಅಲ್ಲ, ಹೆದರಿಕೆಯಿಂದ. ಬೂದು ಬಣ್ಣದ ಡಬ್ಬಗಳು ಅತ್ತಿತ್ತ ಹೋಗುವ ವಿಡಿಯೋದಲ್ಲಿ ಕಥೆಯ ಹುಳುಕು ಅಡಗುವುದಿಲ್ಲ. ಲೈಟಿಂಗ್, ಟೆಕ್ಸ್‌ಚರ್ ಮಾಡ್ತಾ ಕೂತರೆ ಕೆಲಸ ಮಾಡಿದ ಹಾಗೂ ಆಗ್ತದೆ, ಹುಳುಕನ್ನು ನೋಡದೆಯೂ ಆಗ್ತದೆ.

ನಮ್ಮ ಕಡೆಯವರಿಗೆ ಇದು ಅರ್ಥ ಆಗದ ವಿಷಯ ಅಲ್ಲ. ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರ ಪದ, ಚೆಂಡೆ ಮದ್ದಳೆ, ಅರ್ಥಧಾರಿಗಳ ಮಾತು. ಅಷ್ಟರಲ್ಲೇ ಪ್ರಸಂಗ ಎದ್ದು ನಿಲ್ಲುತ್ತದೆ, ಜನ ಬೆಳಗಿನವರೆಗೂ ಕೂತಾರು. ನಿಮ್ಮ ಬೂದು ಪ್ರಿವ್ಯೂ ಕೂಡ ಹಾಗೆ ನಿಲ್ಲಬೇಕು. ನಿಲ್ಲದಿದ್ದರೆ ಕಿರೀಟ ಇಟ್ಟು ಎಂತ ಪ್ರಯೋಜನ?

‘ಒಳ್ಳೆ ಜಿಪಿಯು ಇದ್ದವರಿಗೆ ಇದೆಲ್ಲ ಬೇಡ’ ಅಂತೀರಾ? ‘ಫ್ಲೋ’ ಸಿನಿಮಾ ನೋಡಿ. ಲಾಟ್ವಿಯಾದ ಗಿಂಟ್ಸ್ ಝಿಲ್ಬಲೋಡಿಸ್ ಬ್ಲೆಂಡರ್‌ನಲ್ಲಿ, ಅದರ ಈವೀ ಎಂಜಿನ್‌ನಲ್ಲಿ ಮಾಡಿದ್ದು. ರೆಂಡರ್ ಫಾರ್ಮ್ ಬಳಸಲಿಲ್ಲ. 2025ರಲ್ಲಿ ಅತ್ಯುತ್ತಮ ಆನಿಮೇಶನ್ ಚಿತ್ರದ ಆಸ್ಕರ್ ಬಂತು. ಬೇಗ ರೆಂಡರ್ ಆಗುವ ಎಂಜಿನ್ ಇದ್ದರೆ ನೋಡಿ ತಿದ್ದಲು ಟೈಮ್ ಸಿಗ್ತದೆ. ಅದು ಆಲಸ್ಯ ಅಲ್ಲ, ಆಯ್ಕೆ.

ಕ್ಲೌಡ್ ಫಾರ್ಮ್ ಕೆಟ್ಟದ್ದಲ್ಲ. ಶೀಪ್‌ಇಟ್ ಥರ ಪುಕ್ಕಟೆಯದ್ದೂ ಉಂಟು: ನೀವು ಬೇರೆಯವರ ಫ್ರೇಮ್ ರೆಂಡರ್ ಮಾಡಿಕೊಡಿ, ಅವರು ನಿಮ್ಮದು ಮಾಡ್ತಾರೆ. ಆದರೆ ತಪ್ಪು ಶಾಟನ್ನು ನೂರು ಕಂಪ್ಯೂಟರ್ ಸೇರಿ ಮಾಡಿದರೂ ಅದು ತಪ್ಪು ಶಾಟೇ.

5/6
ಈ ಸೆಮಿಸ್ಟರ್‌ನಿಂದ ನಾವು ಮಾಡುತ್ತಿರುವುದು, ಸೇವ್ ಮಾಡಿಟ್ಟುಕೊಳ್ಳಿ:

• ಪ್ರತಿ ಶುಕ್ರವಾರ ಪೂರ್ತಿ ಫಿಲ್ಮಿನ ವ್ಯೂಪೋರ್ಟ್ ರೆಂಡರ್, ಸೌಂಡ್ ಸಮೇತ. ಮಾಯಾದವರಿಗೆ ಇದೇ ಪ್ಲೇಬ್ಲಾಸ್ಟ್. ಇದು ಎಂಪಿ4 ಆದರೂ ಅಡ್ಡಿಯಿಲ್ಲ, ಹೋದರೆ ಕೆಲವೇ ನಿಮಿಷದ ಕೆಲಸ.
• ಅದನ್ನು ಪ್ರಾಜೆಕ್ಟ್ ಗೊತ್ತಿಲ್ಲದ ಒಬ್ಬರಿಗೆ ತೋರಿಸುವುದು. ನಾವು ಬಾಯಿ ಬಿಡುವ ಹಾಗಿಲ್ಲ.
• ಲೈಟಿಂಗ್ ಟೆಸ್ಟಿಗೆ ರೆಸಲ್ಯೂಶನ್ 50%, ಫ್ರೇಮ್ ಸ್ಟೆಪ್ 4. ಕಾಲು ಭಾಗ ಪಿಕ್ಸೆಲ್, ಕಾಲು ಭಾಗ ಫ್ರೇಮ್. 24 ಗಂಟೆಯದ್ದು ಹೆಚ್ಚುಕಡಿಮೆ ಒಂದೂವರೆ ಗಂಟೆಗೆ ಬರುತ್ತದೆ.
• ಪ್ರತಿ ಶಾಟಿಗೆ ಬೇರೆ ಫೋಲ್ಡರ್. ಲಾಕ್ ಆದ ಶಾಟ್ ಮಾತ್ರ ಫೈನಲ್ ರೆಂಡರಿಗೆ.
• ಫೈನಲ್ ಯಾವತ್ತೂ ಪಿಎನ್‌ಜಿ ಅಥವಾ ಇಎಕ್ಸ್‌ಆರ್. ಓವರ್‌ರೈಟ್ ಆಫ್, ಪ್ಲೇಸ್‌ಹೋಲ್ಡರ್ಸ್ ಆನ್. ಆಗ ಎರಡು ಕಂಪ್ಯೂಟರ್ ಒಂದೇ ಶೇರ್ಡ್ ಫೋಲ್ಡರಿಗೆ ರೆಂಡರ್ ಮಾಡಬಹುದು. ಒಂದು ಹಿಡಿದ ಫ್ರೇಮನ್ನು ಇನ್ನೊಂದು ಬಿಟ್ಟು ಮುಂದೆ ಹೋಗುತ್ತದೆ.
• ಸ್ಲೀಪ್ ಮೋಡ್, ಆಟೋ ಅಪ್‌ಡೇಟ್ ಎರಡನ್ನೂ ಮೊದಲೇ ನಿಲ್ಲಿಸಿ.

6/6
ಲೆಕ್ಚರರ್ಸ್ ಯಾರಾದರೂ ಓದ್ತಾ ಇದ್ದರೆ ಒಂದು ವಿನಂತಿ. ಫೈನಲ್‌ಗೆ ಎರಡು ವಾರ ಮೊದಲು ಬೂದು ಪ್ರಿವ್ಯೂ ಕೇಳಿ, ಅದಕ್ಕೂ ಮಾರ್ಕ್ ಇಡಿ. ಆ ಹಂತದಲ್ಲಿ ದುಬಾರಿ ಲ್ಯಾಪ್‌ಟಾಪ್ ಇದ್ದವರ ಕೆಲಸವೂ ಅಣ್ಣನ ಹಳೇ ಲ್ಯಾಪ್‌ಟಾಪ್ ಇದ್ದವರ ಕೆಲಸವೂ ಒಂದೇ ಥರ ಕಾಣ್ತದೆ. ಕಥೆ ಯಾರದ್ದು ಗಟ್ಟಿ ಅಂತ ಅಲ್ಲೇ ಗೊತ್ತಾಗ್ತದೆ.

ಕ್ಲಾಸ್‌ಮೇಟ್ಸ್, ಇನ್ನೊಂದು ಮಾತು. ‘ಮೂರು ರಾತ್ರಿ ನಿದ್ದೆ ಇಲ್ಲ, ರೆಂಡರ್ ಹಾಕಿದ್ದೇನೆ’ ಅಂತ ಸ್ಟೋರಿ ಹಾಕುವುದು ಸಾಧನೆ ಅಲ್ಲ. ನಾನೂ ಹಾಕಿದ್ದೆ. ಆ ಮೂರು ರಾತ್ರಿಯಲ್ಲಿ ಒಂದು ಗಂಟೆ ಆ ತಂಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದರೆ ಸಾಕಿತ್ತು.

ನಿಮ್ಮ ಬೂದು ಪ್ರಿವ್ಯೂ ಇದ್ದರೆ ಕಳಿಸಿ, ನೋಡ್ತೇನೆ. ಚಂದ ಉಂಟು ಅಂತ ಮಾತ್ರ ಹೇಳುವುದಿಲ್ಲ, ಆಯ್ತಾ?

#ಬ್ಲೆಂಡರ್ಕನ್ನಡ #ಆನಿಮೇಶನ್ #ಮಣಿಪಾಲ #ಕಾಪು #ಕಾರ್ಕಳ #ಉಡುಪಿ