ಹಾಡಿದವರಿಗೆ ಹೆಸರೂ ಬೇಕು, ಅನ್ನವೂ ಬೇಕು

ಸೋದರಿಯರೇ, ಆಟಿ ತಿಂಗಳಲ್ಲಿ ಮಳೆ ಹಿಡಿದರೆ ನಮ್ಮ ಕಾಪುವಿನಲ್ಲಿ ಕಡಲಿನ ಸದ್ದು ಅಡುಗೆಮನೆಯ ತನಕ ಕೇಳುತ್ತದೆ. ಅಂಥದೊಂದು ಮಧ್ಯಾಹ್ನ ನಾನು ಪತ್ರೊಡೆಗೆಂದು ಕೆಸುವಿನ ಎಲೆಯ ನಾರು ತೆಗೆಯುತ್ತ ಕೂತಿದ್ದೆ. ಅತ್ತೆ ಪಕ್ಕದಲ್ಲಿ ಹುಣಸೆಹುಳಿ ಬಿಡಿಸುತ್ತಿದ್ದರು. ಚಾವಡಿಯಲ್ಲಿ ಮಗನ ಮೊಬೈಲಿನಿಂದ ಒಂದೇ ಸಮನೆ ಧಬ್ ಧಬ್ ಸದ್ದು. ಅದರ ಮೇಲೆ ಯಾರೋ ಉಸಿರು ಬಿಡದೆ ಬೈಯುತ್ತಿರುವ ಹಾಗೆ ಮಾತು.

"ಎಂತದ್ದು ಮಗಾ ಅದು? ಹಾಡೋ, ಜಗಳವೋ?" ಎಂದೆ.

"ಹಿಪ್-ಹಾಪ್ ಅಮ್ಮ. ಹಳಬರೆಲ್ಲ ಒಂದೇ ವೇದಿಕೆಯಲ್ಲಿ ಹಾಡಿದ್ದು. ನೋಡಿ ಬೇಕಾದರೆ" ಎನ್ನುತ್ತ ಮೊಬೈಲನ್ನು ಒಲೆಯ ಹತ್ತಿರಕ್ಕೇ ತಂದ.

ಅದು 2023ರ ಆಗಸ್ಟ್ 11ರಂದು ಅಮೆರಿಕದ ನ್ಯೂಯಾರ್ಕಿನಲ್ಲಿ ನಡೆದ ಕಚೇರಿ. ಬ್ರಾಂಕ್ಸ್ ಎಂಬ ಭಾಗದಲ್ಲಿರುವ ಯಾಂಕೀ ಸ್ಟೇಡಿಯಂ ತುಂಬ ಜನ. ಹಿಪ್-ಹಾಪ್ ಹುಟ್ಟಿ ಅಂದಿಗೆ 50 ವರ್ಷವಂತೆ. ರನ್-ಡಿಎಂಸಿ, ಐಸ್ ಕ್ಯೂಬ್, ಸ್ನೂಪ್ ಡಾಗ್, ನಾಸ್, ಹೆಂಗಸರಲ್ಲಿ ಲಾರಿನ್ ಹಿಲ್, ಲಿಲ್ ಕಿಮ್, ಹೀಗೆ ಹೆಸರಾದವರೆಲ್ಲ ಬಂದಿದ್ದರು. ರನ್-ಡಿಎಂಸಿಯವರು ಮೊದಲು ಮೂವರು. ಅವರಲ್ಲಿ ಒಬ್ಬನನ್ನು 2002ರಲ್ಲಿ ಯಾರೋ ಗುಂಡಿಟ್ಟು ಕೊಂದರು. ಉಳಿದ ಇಬ್ಬರೇ ಆ ರಾತ್ರಿ ಹಾಡಿದರು. ಅದನ್ನು ಕೇಳಿ ನನ್ನ ಕೈ ಒಂದು ಗಳಿಗೆ ನಿಂತಿತು.

ಅತ್ತೆ ಕನ್ನಡಕ ಸರಿಮಾಡಿಕೊಂಡು ನೋಡಿದರು. "ಇದು ನಮ್ಮ ತಾಳಮದ್ದಳೆಯ ಹಾಗೇ ಉಂಟಲ್ಲ! ವೇಷ ಇಲ್ಲ, ಬರೇ ತಾಳ ಮತ್ತೆ ಬಾಯಿ" ಎಂದರು.

ಅತ್ತೆಯ ತವರು ಮಲ್ಪೆ ಕಡೆ. ಸಾಮಗರ ಅರ್ಥ, ಶೇಣಿಯವರ ಅರ್ಥ ಕೇಳಿ ಬೆಳೆದವರು. ಭಾಗವತರು ಪದ ಹೇಳಿ ನಿಲ್ಲಿಸಿದ ಮೇಲೆ ಅರ್ಥಧಾರಿ ಬರೆದಿಟ್ಟದ್ದನ್ನು ಓದುವುದಿಲ್ಲ. ಎದುರಿನವರು ಹಾಕಿದ ಪ್ರಶ್ನೆಗೆ ಕೂತಲ್ಲೇ ಮಾತು ಕಟ್ಟಬೇಕು, ಸೋಲಬಾರದು. ಹಿಪ್-ಹಾಪಿನಲ್ಲಿ ಮಾತಿನ ಭಾಗಕ್ಕೆ ರ‍್ಯಾಪ್ ಎನ್ನುತ್ತಾರೆ. ಅಲ್ಲಿಯೂ ಇಬ್ಬರು ಎದುರೆದುರು ನಿಂತು ಹೊತ್ತಿಗೆ ಹೊತ್ತಿಗೆ ಮಾತು ಹೆಣೆಯುವ ಪಂಥ ಉಂಟು. ಪ್ರಾಸ ಕೂಡಬೇಕು, ತಾಳ ತಪ್ಪಬಾರದು, ಅಷ್ಟೆ ಹೆಚ್ಚು. ನಮ್ಮ ಕನ್ನಡದಲ್ಲಿ ಚಂದನ್ ಶೆಟ್ಟಿ ಹಾಡುವುದೂ ಇದೇ ಜಾತಿಯದ್ದು.

ಇದು ಶುರುವಾದ ಕಥೆ ಕೇಳಿದರೆ ನಿಮಗೆ ಇದು ನಮ್ಮ ಬೀದಿಯದ್ದೇ ಅನಿಸೀತು. 1973ರಲ್ಲಿ ಬ್ರಾಂಕ್ಸಿನ ಸೆಡ್ಜ್‌ವಿಕ್ ಅವೆನ್ಯೂ ಎಂಬ ಬೀದಿಯಲ್ಲಿ ಜಮೈಕಾದಿಂದ ಬಂದ ಒಂದು ಸಂಸಾರ. ಮಗಳು ಸಿಂಡಿ ಕ್ಯಾಂಪ್‌ಬೆಲ್‌ಗೆ ಶಾಲೆ ತೆರೆಯುವ ಮೊದಲು ಹೊಸ ಬಟ್ಟೆ ಕೊಳ್ಳಬೇಕು, ಕೈಯಲ್ಲಿ ಹಣ ಸಾಲದು. ಅವಳೇ ಉಪಾಯ ಹೂಡಿ ತಾವಿದ್ದ ಕಟ್ಟಡದ ಕೋಣೆಯೊಂದನ್ನು ಬಾಡಿಗೆಗೆ ಹಿಡಿದು ಕುಣಿತದ ಕೂಟ ಏರ್ಪಡಿಸಿದಳು. ಹುಡುಗಿಯರಿಗೆ 25 ಸೆಂಟ್ಸ್, ಹುಡುಗರಿಗೆ 50. ಹಾಡು ಹಾಕುವ ಕೆಲಸ 18 ವರ್ಷದ ಅಣ್ಣನಿಗೆ. ಅವನೇ ಮುಂದೆ ಕೂಲ್ ಹರ್ಕ್ ಎಂದು ಹೆಸರಾದವನು.

ಅವನು ಕಂಡುಕೊಂಡ ಯುಕ್ತಿ ನೋಡಿ. ಹಾಡಿನ ನಡುವೆ ದನಿ ನಿಂತು ಡ್ರಮ್ ಮಾತ್ರ ಕೇಳುವ ಒಂದು ತುಣುಕು ಬರುತ್ತದೆ. ಕುಣಿಯುವವರಿಗೆ ಅದೇ ಇಷ್ಟ, ಆದರೆ ಅದು ಕ್ಷಣದಲ್ಲಿ ಮುಗಿಯುತ್ತದೆ. ಅವನು ಅದೇ ರೆಕಾರ್ಡಿನ ಎರಡು ಪ್ರತಿಗಳನ್ನು ಎರಡು ಪ್ಲೇಯರಿನಲ್ಲಿಟ್ಟ. ಒಂದರಲ್ಲಿ ತುಣುಕು ಮುಗಿಯುವಾಗ ಇನ್ನೊಂದರಲ್ಲಿ ಶುರು. ನೆಂಟರು ಬಂದಾಗ ನಾವು ಎರಡು ಕಾವಲಿ ಇಟ್ಟು ಬಿಡದೆ ದೋಸೆ ಎರೆಯುವುದಿಲ್ಲವೇ, ಹಾಗೆ!

ಕೂಟದ ಈ ಹಾಡು ಅಂಗಡಿಗೆ ಬಂದದ್ದರ ಹಿಂದೆಯೂ ಒಬ್ಬ ಹೆಂಗಸೇ. ಸಿಲ್ವಿಯಾ ರಾಬಿನ್ಸನ್ ಎಂಬಾಕೆ 1979ರಲ್ಲಿ ಮೂವರು ಹುಡುಗರನ್ನು ಕೂಡಿಸಿ 'ರ‍್ಯಾಪರ್ಸ್ ಡಿಲೈಟ್' ಎಂಬ ರೆಕಾರ್ಡು ತಂದರು. ಅದು ಲೋಕವೆಲ್ಲ ಸುತ್ತಿತು. ಆದರೆ ಮೂವರಲ್ಲಿ ಒಬ್ಬ ಹಾಡಿದ ಸಾಲುಗಳು ಗ್ರ್ಯಾಂಡ್‌ಮಾಸ್ಟರ್ ಕ್ಯಾಜ್ ಎಂಬವರ ಪುಸ್ತಕದಿಂದ ಬಂದವು. ರೆಕಾರ್ಡಿನ ಮೇಲೆ ಕ್ಯಾಜ್ ಹೆಸರಿರಲಿಲ್ಲ. ಹಣವೂ ಸಿಗಲಿಲ್ಲ.

ಕೂಲ್ ಹರ್ಕ್ ಪಾಡೇನು ಬೇರೆಯಲ್ಲ. 2011ರಲ್ಲಿ ಮೂತ್ರಪಿಂಡದಲ್ಲಿ ಕಲ್ಲಾಗಿ ನರಳುವಾಗ ಅವರಿಗೆ ಆರೋಗ್ಯವಿಮೆಯೇ ಇರಲಿಲ್ಲ. ಅವರು ಹಾಕಿದ ತಾಳದ ಮೇಲೆ ಎಷ್ಟೋ ಮಂದಿ ಕೋಟ್ಯಧೀಶರಾಗಿದ್ದರು. ಅವರ ಚಿಕಿತ್ಸೆಗೆ ಅಭಿಮಾನಿಗಳು ಹಣ ಕೂಡಿಸಬೇಕಾಯಿತು. ಸ್ಟೇಡಿಯಂ ತುಂಬಿದ್ದು ಅದಾಗಿ 12 ವರ್ಷದ ಮೇಲೆ.

"ಎಲ್ಲ ಕಡೆಯೂ ಹೀಗೆಯೇ" ಎಂದರು ಅತ್ತೆ. "ಶಾಲು ಹೊದೆಸಿ, ಹಣ್ಣಿನ ಬುಟ್ಟಿ ಕೊಟ್ಟು ಕಳಿಸುವುದು. ಶಾಲು ಬೇಯಿಸಿ ತಿನ್ನಲಿಕ್ಕಾಗ್ತದಾ?"

ನಿಜವಷ್ಟೆ. ನಾವು ರಾತ್ರಿಯಿಡೀ ಆಟ ನೋಡಿ ಮನೆಗೆ ಬಂದು ಮಲಗುತ್ತೇವೆ. ಹಾಡಿದವರ ಗಂಟಲು ಬಿದ್ದ ಮೇಲೆ ಅವರ ಮನೆಯ ಒಲೆ ಹೇಗೆ ಉರಿಯುತ್ತದೆಂದು ಕೇಳುವವರು ಕಡಿಮೆ. ಈ ವಿಷಯದಲ್ಲಿ ಉಡುಪಿಯವರು ತಲೆಯೆತ್ತಿ ಹೇಳಬಹುದಾದದ್ದು ಒಂದಿದೆ. 1975ರಲ್ಲಿ ಹುಟ್ಟಿದ ಇಲ್ಲಿಯ ಯಕ್ಷಗಾನ ಕಲಾರಂಗ ಕಲಾವಿದರಿಗಾಗಿಯೇ ಯಕ್ಷನಿಧಿ ಇಟ್ಟಿದೆ. ವಿಮೆ ಮಾಡಿಸುತ್ತದೆ, ಸೂರಿಲ್ಲದವರಿಗೆ ಮನೆ ಕಟ್ಟಿಸಿ ಕೊಟ್ಟಿದೆ. ಸನ್ಮಾನ ಎಂದರೆ ಇದು.

ಲೀಲಾವತಿ ಬೈಪಾಡಿತ್ತಾಯರ ನೆನಪೂ ಆಯಿತು. ಮದುವೆಯಾದ ಮೇಲೆ ಗಂಡನಿಂದ ಯಕ್ಷಗಾನ ಕಲಿತು, ಗಂಡಸರೇ ತುಂಬಿದ ತೆಂಕುತಿಟ್ಟಿನ ಮೇಳಗಳಲ್ಲಿ ರಾತ್ರಿಯಿಡೀ ಭಾಗವತಿಕೆ ಮಾಡಿದ ಗಟ್ಟಿಗಿತ್ತಿ. 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಮನೆಯನ್ನೂ ಮೇಳವನ್ನೂ ಒಟ್ಟಿಗೆ ತೂಗಿಸುವುದು ಎಂಥ ಕಷ್ಟವೆಂದು ನಮಗಲ್ಲದೆ ಬೇರೆ ಯಾರಿಗೆ ತಿಳಿದೀತು?

ಹಾಗೆಂದು ಹಿಪ್-ಹಾಪ್ ಎಲ್ಲವೂ ಒಳ್ಳೆಯದೆಂದು ನಾನು ಹೇಳಲಾರೆ. ಬೈಗುಳ, ಹೆಂಗಸರನ್ನು ಹೀನಾಯ ಮಾಡುವ ಮಾತು ಅದರಲ್ಲಿ ಬೇಕಾದಷ್ಟಿವೆ. ಮೊಬೈಲು ಕಸಿದರೆ ಮಕ್ಕಳು ಬಾಗಿಲು ಹಾಕಿಕೊಂಡು ಕೇಳಿಯಾರು. ಹತ್ತಿರ ಕೂತು "ಇದರ ಅರ್ಥ ಹೇಳು" ಎಂದು ಕೇಳಿ. ಹೇಳಲು ನಾಚಿಕೆಯಾಗುವ ಹಾಡನ್ನು ಅವರೇ ನಿಲ್ಲಿಸುತ್ತಾರೆ. ಇದು ನಾನು ಮಾಡಿ ನೋಡಿದ್ದು.

ಅಂದು ಸಂಜೆ ಪತ್ರೊಡೆ ಹಬೆಯಲ್ಲಿ ಬೇಯುವಾಗ ಮಗ ಅಜ್ಜಿಯನ್ನು ಪೀಡಿಸಿ ಒಂದು ತುಳು ಕಬಿತ ಹಾಡಿಸಿದ. ನೇಜಿ ನೆಡುವಾಗಿನ ಹಾಡು. ಈ ಮನೆಗೆ ಮದುವೆಯಾಗಿ ಬಂದ ಹೊಸತರಲ್ಲಿ ಗದ್ದೆಯಲ್ಲಿ ಕಲಿತದ್ದಂತೆ. ನಾನು ಸೊಸೆಯಾಗಿ ಬಂದು ಇಷ್ಟು ವರ್ಷವಾದರೂ ಒಮ್ಮೆಯೂ ಕೇಳಿರಲಿಲ್ಲ. ನೆಡುವ ಕೆಲಸಕ್ಕೆ ಈಗ ಯಂತ್ರ ಬರುತ್ತದೆ. ಹಾಡು ಅತ್ತೆಯ ಬಾಯಲ್ಲೇ ಉಳಿದಿತ್ತು.

ಮೊಬೈಲಿನಲ್ಲಿ ಹಿಡಿದುಕೊಂಡ ಮೇಲೆ ಮಗ "ಅಜ್ಜೀ, ನಿಮ್ಮ ಹೆಸರು ಹಾಕುತ್ತೇನೆ" ಎಂದ.

"ನನ್ನದು ಆಮೇಲೆ. ನನಗೆ ಕಲಿಸಿದವಳ ಹೆಸರು ಮೊದಲು ಬರಿ" ಎಂದರು ಅತ್ತೆ. ಆಕೆ ನಮ್ಮ ಗದ್ದೆಗೆ ನೆಡಲು ಬರುತ್ತಿದ್ದವಳು. ಈಗ ಮಗಳ ಮನೆಯಲ್ಲಿದ್ದಾಳೆ, ಕಣ್ಣು ಸರಿಯಾಗಿ ಕಾಣುವುದಿಲ್ಲ.

ಮರುದಿನ ಒಂದು ಡಬ್ಬಿ ಪತ್ರೊಡೆಯನ್ನೂ, ಅತ್ತೆ ಸೆರಗಿನ ಗಂಟಿನಿಂದ ಬಿಚ್ಚಿಕೊಟ್ಟ ಸ್ವಲ್ಪ ಹಣವನ್ನೂ ಹಿಡಿದು ನಾವಿಬ್ಬರೂ ಅವಳನ್ನು ನೋಡಿ ಬಂದೆವು. ನಿಮ್ಮ ಊರಿನಲ್ಲೂ ಹಾಡಿ ದಣಿದ ಒಬ್ಬಾಕೆ ಇದ್ದಾಳು. ಈ ವಾರ ಒಮ್ಮೆ ಹೋಗಿ ಬನ್ನಿ.