ಪ್ಲಾನ್ ಏರಿಸಿ ಅನ್ನೋರಿಗೆ ಒಂದು ಮಾತು

ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ.

ನಮ್ಮ ಕಣಿವೆಯ ತೋಟದ ಮನೆಗಳಿಗೆ ಟವರ್ ಸಿಗಲ್ಲ. ಫೈಬರ್ ಬಂದ ಮೇಲೆ ವೈಫೈ ಕಾಲಿಂಗೇ ಗತಿ. ಅಂದ್ರೆ ಮನೆಯ ರೂಟರೇ ನಮ್ಮ ಟವರ್.

ಹೋದ ಮಳೆಗಾಲ ಕೊಳೆ ಔಷಧಿ ಹೊಡೆಯುವಾಗ ನಮ್ಮ ಕೊನೆಗೌಡ ಮರದಿಂದ ಜಾರಿ ಬಿದ್ದ. ಕಾಲು ಮುರಿದಿತ್ತು. ಜೀಪಿನವನಿಗೆ ಫೋನ್ ಮಾಡಿ "ಹೊಳೆ ದಾರೀಲಿ ಬರಬೇಡ, ಮೋರಿ ಮೇಲೆ ನೀರು ಬಂದಿದೆ" ಅಂದೆ. ಅವನಿಗೆ ಕೇಳಿಸಿದ್ದು "ಹೊಳೆ ದಾರೀಲಿ ಬರ..." ಅಷ್ಟೇ. ಮೋರಿ ತನಕ ಬಂದು, ವಾಪಸ್ ಹೋಗಿ, ಸುತ್ತು ಹಾಕಿ ಬರುವಷ್ಟರಲ್ಲಿ ಮುಕ್ಕಾಲು ಗಂಟೆ ಹೋಯ್ತು. ಒಂದು "ಬೇಡ" ಗಾಳಿಯಲ್ಲಿ ಹೋಗಿದ್ದಕ್ಕೆ ಆ ಮನುಷ್ಯ ಅಷ್ಟು ಹೊತ್ತು ನರಳಿದ.

ದೂರು ಕೊಟ್ರೆ ಬಂದ ಉತ್ತರ: "50ರ ಪ್ಲಾನ್ ಸಾಲಲ್ಲ ಸಾರ್, 100 ಹಾಕ್ಸಿ." ಹಾಕಿಸಿದೆ. ದುಡ್ಡು ಹೋಯ್ತು, ಮಾತು ಹಾಗೇ ತುಂಡಾಗ್ತಾ ಇತ್ತು.

ಯಾಕೆ ಅಂದ್ರೆ, ಒಂದು ಕರೆಗೆ ಬೇಕಾಗೋದು ಹೋಗ್ತಾ 100, ಬರ್ತಾ 100 ಕೆಬಿಪಿಎಸ್. 50 ಎಂಬಿಪಿಎಸ್ ಅಂದ್ರೆ ಅದರ 500 ಪಟ್ಟು! ಕೊರತೆ ವೇಗದ್ದಲ್ಲ, ಸರದಿಯದ್ದು. ಮಾತು ಸಾಮಾನ್ಯವಾಗಿ ಸೆಕೆಂಡಿಗೆ 50 ತುಂಡಾಗಿ ಹೋಗುತ್ತೆ. ತಡವಾಗಿ ಬಂದ ತುಂಡನ್ನ ಫೋನ್ ಬಿಸಾಕುತ್ತೆ. ವಿಡಿಯೋ ಆದ್ರೆ ಕಾಯಬಹುದು, ಮಾತು ಕಾಯಲ್ಲ. ಆವತ್ತು ಜಗಲಿಯಲ್ಲಿ ಹುಡುಗರ ಫೋನು ಉಪನಯನದ ವಿಡಿಯೋಗಳನ್ನ ಮೇಲಕ್ಕೆ ಕಳಿಸ್ತಾ ಇತ್ತು. ಘಟ್ಟದ ರಸ್ತೆಯಲ್ಲಿ ಮರದ ಲಾರಿ ಸಾಲಿನ ಹಿಂದೆ ಸಿಕ್ಕ ಬೈಕಿನ ಹಾಗೆ ಆಯ್ತು ನನ್ನ ಮಾತು.

ಇದರ ಮೇಲೆ ನಮ್ಮದೇ ತಪ್ಪು. ರೂಟರ್ ಅಟ್ಟದ ಮೂಲೇಲಿ, ಮಧ್ಯೆ ಮೂರು ಜಂಬಿಟ್ಟಿಗೆ ಗೋಡೆ. ಕೊಟ್ಟಿಗೆಗೆ ಅಂತ ತಂದ ರಿಪೀಟರ್ ಪ್ರತಿ ಮಾತನ್ನ ಕೇಳಿಸ್ಕೊಂಡು ಅದೇ ಚಾನೆಲ್‌ನಲ್ಲಿ ಮತ್ತೆ ಹೇಳುತ್ತೆ. ಇದ್ದ ಜಾಗ ಅರ್ಧ ಆಗುತ್ತೆ.

ನಾನು ಮಾಡಿದ್ದು ಇಷ್ಟು. ರೂಟರನ್ನ ಮನೆ ನಡುವೆ ಇಳಿಸಿದೆ. ಹತ್ತಿರದಲ್ಲಿ 5 ಗಿಗಾಹರ್ಟ್ಸ್, ಗೋಡೆ ಆಚೆಗೆ 2.4. ರಿಪೀಟರ್ ತೆಗೆದು ಕೊಟ್ಟಿಗೆಗೆ ಕೇಬಲ್ ಎಳೆದು ಇನ್ನೊಂದು ಆಕ್ಸೆಸ್ ಪಾಯಿಂಟ್ ಇಟ್ಟೆ. ಅಂಗಳ ದಾಟುವ ಕಡೆ ಫೈಬರ್ರೇ ಹಾಕಿ, ತಾಮ್ರದ ತಂತಿ ಸಿಡಿಲನ್ನ ಮನೆಗೆ ಕರೆಯುತ್ತೆ. ರೂಟರ್ ಸೆಟ್ಟಿಂಗಿನಲ್ಲಿ ಡಬ್ಲ್ಯೂಎಂಎಂ ಆನ್ ಇರಲಿ, ಅದು ಮಾತಿಗೆ ಮೊದಲ ಸರದಿ ಕೊಡೋಕೆ ಇರೋದು. ಕ್ಯೂಓಎಸ್ ಇದ್ರೆ ಅಪ್‌ಲೋಡನ್ನ ಲೈನಿನ ಶೇ. 90ಕ್ಕೆ ಕಟ್ಟಿ. ಆಮೇಲೆ ವಾಪಸ್ 50ಕ್ಕೇ ಬಂದೆ. ಮಾತು ಈಗ ಸ್ಪಷ್ಟ.

ಫೈಬರ್ ಮೇಲೆ ಮರ ಬಿದ್ರೆ, ಕರೆಂಟ್ ಹೋಗಿ ಬ್ಯಾಟರಿ ಮುಗಿದ್ರೆ ಇದ್ಯಾವುದೂ ನಡೆಯಲ್ಲ, ಒಪ್ತೀನಿ. ಟವರ್ ಕೇಳೋದನ್ನ ಬಿಡಬೇಡಿ. ಆದರೆ ಇವತ್ತು ರಾತ್ರಿ ಒಂದು ಪರೀಕ್ಷೆ ಮಾಡಿ: ಒಬ್ಬರು ದೊಡ್ಡ ವಿಡಿಯೋ ಕಳಿಸಲಿ, ಇನ್ನೊಬ್ಬರು ಅಡುಗೆಮನೆಯಿಂದ ಕರೆ ಮಾಡಲಿ. ಮಾತು ತುಂಡಾದ್ರೆ ಪ್ಲಾನ್ ಏರಿಸೋ ಮೊದಲು ಏಣಿ ಹತ್ತಿ ರೂಟರ್ ಇಳಿಸಿ, ಮಾರಾಯ್ರೆ. ಮಳೆ ಹಿಡಿಯೋಕೆ ಮುಂಚೆ.