ಸಾಲದ ಲೆಕ್ಕ ತರಗತಿಗೆ ಬರಲಿ

ಸರಳಬಡ್ಡಿಯ ಸೂತ್ರವನ್ನು ಕಂಠಪಾಠ ಮಾಡಿದ ಪ್ರೌಢಶಾಲಾ ವಿದ್ಯಾರ್ಥಿಗಳು ಮನೆಯ ಸಾಲಪತ್ರದ ಮುಂದೆ ತಡವರಿಸುತ್ತಾರೆ. ಒಂದು ಲಕ್ಷ ರೂಪಾಯಿ ಸಾಲಕ್ಕೆ ಶೇ 10ರ ‘ಫ್ಲ್ಯಾಟ್’ ಬಡ್ಡಿ, 12 ಕಂತು, ತಿಂಗಳಿಗೆ ಸುಮಾರು 9,167 ರೂಪಾಯಿ ಎಂದಿಟ್ಟುಕೊಳ್ಳೋಣ. ಅಸಲು ತಿಂಗಳು ತಿಂಗಳೂ ಕರಗಿದರೂ ಬಡ್ಡಿ ಪೂರ್ತಿ ಲಕ್ಷಕ್ಕೇ ಬೀಳುವುದರಿಂದ ನಿಜವಾದ ದರ ಶೇ 18ರ ಸಮೀಪಕ್ಕೆ ಹೋಗುತ್ತದೆ. ಈ ಒಗಟನ್ನು ಮಕ್ಕಳೇ ಬಿಡಿಸಲಿ. ಉಳಿದ ಅಸಲನ್ನು ತಿಂಗಳವಾರು ಬರೆದರೆ ಸಮಾಂತರ ಶ್ರೇಢಿ ಕಣ್ಣೆದುರೇ ಮೂಡುತ್ತದೆ. ಕುಟುಂಬವೂ ಮೋಸದಿಂದ ಪಾರಾದೀತು.

12ನೆಯ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ ‘ವ್ಯವಹಾರಗಣಿತ’ ರಚಿಸಿದ ನಾಡಿದು. ಪಾಠಕ್ಕೆ ಸಮಯವೆಲ್ಲಿದೆ ಎಂಬ ಶಿಕ್ಷಕರ ಅಳಲು ನ್ಯಾಯವೇ. ಆದರೆ ತರಗತಿಯ ಹಾದಿಯನ್ನು ನಿರ್ಧರಿಸುವುದು ಪ್ರಶ್ನೆಪತ್ರಿಕೆ. ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಪ್ರತಿವರ್ಷ ಇಂಥ ಒಂದು ಲೆಕ್ಕವಾದರೂ ಇರಲಿ. ಸಮಯ ತಾನಾಗಿ ಒದಗುತ್ತದೆ.